ನಟ್ಟಿನ ಮೇಲಿನ ಸುಣ್ಣ

ದೇವಿಕೊಪ್ಪದ ಹೊಳೆಪ್ಪನಿಗೆ ಒಂದು ಚಟವಿತ್ತು. ತಂಬಾಕಿನದಲ್ಲ, ಅದು ಊರಿಗೆಲ್ಲ ಇರುವುದೇ. ತಂಬಾಕಿಗೆಂದು ಕಿಸೆಯಲ್ಲಿಟ್ಟ ಡಬ್ಬಿಯಿಂದ ಬೆರಳ ತುದಿಯಷ್ಟು ಸುಣ್ಣ ತೆಗೆದು, ತಾನು ಬಿಗಿ ಮಾಡಿದ ಪ್ರತಿ ನಟ್ಟಿನ ಮೇಲೂ ಒಂದು ಗೆರೆ ಎಳೆಯುವುದು. ಗೆರೆ ನಟ್ಟಿನಿಂದ ಹೊರಟು ಬಾಜೂಕಿನ ಕಬ್ಬಿಣದ ಮೇಲೆ ಮುಗಿಯಬೇಕು. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ತುಂಡಾಗಿ ಕಾಣುತ್ತದೆ. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತನಾದ ಮೇಲೂ ಅದನ್ನು ಬಿಟ್ಟಿರಲಿಲ್ಲ. ಮಗಳು ರೋಹಿಣಿಗೆ ಗಾಡಿ ಕಲಿಸುವಾಗ ಮೊದಲ ದಿನ ಸ್ಟೇರಿಂಗ್ ಮುಟ್ಟಗೊಡದೆ ಮನೆಯ ವ್ಯಾನಿನ ಸುತ್ತ ತಿರುಗಿಸಿ ಬರೀ ಗೆರೆ ತೋರಿಸಿದ್ದ.

"ಗಾಡಿ ಛಲೋ ಐತಿ ಅಂತ ಯಾರ ಹೇಳಿದ್ರೂ ನಂಬಬ್ಯಾಡ," ಎಂದಿದ್ದ. "ನಂಬೂದಲ್ಲ, ನೋಡೂದು."

ರೋಹಿಣಿ ಆ ಮಾತನ್ನು ಗಟ್ಟಿಯಾಗಿ ಹಿಡಿದಳು. ಹೇಳಿದವನನ್ನು ಮಾತ್ರ ನೋಡದೇ ನಂಬಿದಳು. ಅದೇ ಅವಳ ತಪ್ಪು.

ಕಲಘಟಗಿಯ ಒಂದು ಹೆಣ್ಣುಮಕ್ಕಳ ಶಾಲೆಗೆ ಸುತ್ತಲ ಹಳ್ಳಿಗಳಿಂದ ಹುಡುಗಿಯರನ್ನು ಕರೆತರುವ ಕೆಲಸ ಬಂದಿತ್ತು. ವ್ಯಾನು ಹೊಳೆಪ್ಪನದು, ಓಡಿಸುವವರು ಯಾರು? ರೋಹಿಣಿಗೂ ಲೈಸೆನ್ಸ್ ಇತ್ತು, ಅವಳ ಅಣ್ಣ ಗೌರೀಶನಿಗೂ ಇತ್ತು. ಶಾಲೆಯ ಮುಖ್ಯೋಪಾಧ್ಯಾಯಿನಿ, ಊರವರ ಬಾಯಲ್ಲಿ ದೊಡ್ಡ ಅಕ್ಕೋರು, ನ್ಯಾಯವಾಗಿಯೇ ಹೇಳಿದರು: ಒಂದು ವಾರ ಅವನು ಓಡಿಸಲಿ, ಒಂದು ವಾರ ಇವಳು ಓಡಿಸಲಿ, ಎರಡನೇ ವಾರದ ಕೊನೆಗೆ, ಶನಿವಾರ, ನಾವು ನಿರ್ಧರಿಸುತ್ತೇವೆ. ನಾಲ್ಕು ವರ್ಷದಿಂದ ಮನೆಯ ಮೂಲೆಯಲ್ಲಿ ಕೂತು ಊರವರ ಜಂಪರಿಗೆ ಹುಕ್ಕು ಹಚ್ಚುತ್ತಿದ್ದ ರೋಹಿಣಿಗೆ ಈ ಕೆಲಸ ಹೊತ್ತಿನ ಊಟದಷ್ಟೇ ಬೇಕಾಗಿತ್ತು. ಗೌರೀಶನದು ಬೇರೆ ಕಥೆ. ಕೋಳಿ ಸಾಕಿದ, ಬಿಟ್ಟ. ಮೊಬೈಲ್ ಅಂಗಡಿ ಹಾಕಿದ, ಮುಚ್ಚಿದ. ಮಗಳ ಕೈ ಮಗನ ಕೈಗಿಂತ ಹದವಾದದ್ದು ಎಂದು ಹೊಳೆಪ್ಪನೇ ಊರೆಲ್ಲ ಹೇಳಿಕೊಂಡು ಬಂದಿದ್ದ.

ಗೌರೀಶನ ವಾರ ಸುಸೂತ್ರವಾಗಿ ಮುಗಿಯಿತು. ಭಾನುವಾರ ಸಂಜೆ ಹೊಳೆಪ್ಪ, ನಾಳೆಯಿಂದ ನೀನು ಓಡಿಸುವವಳು, ಗಾಡಿ ಒಮ್ಮೆ ನೋಡಿಬಿಡುತ್ತೇನೆ ಎಂದು ಪೆಡಲುಗಳ ಕೆಳಗೆ ತಲೆ ತೂರಿಸಿ ಮಲಗಿದ. ಬೆಳಕು ಹಿಡಿ ಎಂದ. ರೋಹಿಣಿ ಮೊಬೈಲಿನ ಬ್ಯಾಟರಿ ಹಚ್ಚಿ ಹಿಡಿದಳು. ಅರವತ್ತೆರಡರ ಅಪ್ಪ ತನಗಾಗಿ ನೆಲಕ್ಕೆ ಬಿದ್ದು ಒದ್ದಾಡುತ್ತಿದ್ದಾನಲ್ಲ ಎಂದು ಅವಳ ಕಣ್ಣು ತುಂಬಿತು.

ಸೋಮವಾರ ಅರ್ಧ ದಾರಿಗೆ ಸುಟ್ಟ ವಾಸನೆ ಬಂತು. ಮಂಗಳವಾರ ಮುಂದಿನ ಗಾಲಿಯಿಂದ ಹೊಗೆ ಎದ್ದಿತು. ಹುಡುಗಿಯರು ಕಿರುಚಿಕೊಂಡು ಕೆಳಗಿಳಿದರು. ಬುಧವಾರ ಗಾಡಿ ಏರಿನಲ್ಲಿ ಯಾರೋ ಹಿಂದಿನಿಂದ ಜಗ್ಗಿ ಹಿಡಿದಂತೆ ನಿಂತೇಬಿಟ್ಟಿತು. ಅರ್ಧ ತಾಸು ಬಿಟ್ಟರೆ ಗಾಲಿ ತಣ್ಣಗಾಗಿ ಮತ್ತೆ ಹೊರಡುತ್ತಿತ್ತು. ಶಾಲೆ ಮುಟ್ಟುವಷ್ಟರಲ್ಲಿ ಪ್ರಾರ್ಥನೆ ಮುಗಿದಿತ್ತು.

ಗಾಡಿಯನ್ನು ಮತ್ತೊಮ್ಮೆ ನೋಡಪ್ಪಾ ಎಂದು ಅವಳು ಅಂಗಲಾಚಿದಳು. ಗಾಡಿಯಲ್ಲಿ ಏನೂ ಇಲ್ಲ, ನೀನು ಅಂಜಿಕೆಗೆ ಬ್ರೇಕಿನ ಮೇಲೆ ಕಾಲಿಟ್ಟೇ ಓಡಿಸುತ್ತೀ, ಗೌರೀಶನ ಕೈಯಲ್ಲಿ ಯಾಕೆ ಹೀಗಾಗಲಿಲ್ಲ ಎಂದ ಹೊಳೆಪ್ಪ. ಅದೂ ಓಣಿಯ ನಾಲ್ಕು ಮಂದಿ ಕೇಳುವ ಹಾಗೆ. ಗೌರೀಶ ನಕ್ಕ. ರೋಹಿಣಿ ಭೂಮಿಗಿಳಿದು ಹೋದಳು. ಅಪ್ಪ ಹೇಳಿದ ಮೇಲೆ ಮುಗಿಯಿತಲ್ಲ! ಗುರುವಾರ ಚಪ್ಪಲಿ ಬಿಚ್ಚಿಟ್ಟು ಬರಿಗಾಲಲ್ಲಿ ಓಡಿಸಿದಳು, ತನ್ನ ಕಾಲು ಕಳ್ಳತನ ಮಾಡಿದರೆ ತನಗೇ ತಿಳಿಯಲಿ ಎಂದು. ಕಾಲು ಏನೂ ಮಾಡಲಿಲ್ಲ. ಗಾಲಿ ಮತ್ತೆ ಕಾದಿತು.

ಹುಡುಗಿಯರನ್ನು ಇಳಿಸಿದವಳೇ, ಅಪ್ಪನಿಗೆ ಹೇಳದೆ ಕಲಘಟಗಿಯ ಇಮಾಮುದ್ದೀನನ ಗ್ಯಾರೇಜಿಗೆ ವ್ಯಾನು ತಿರುಗಿಸಿದಳು. ಇಳಿದು, ತಪ್ಪು ಬಹುಶಃ ನನ್ನ ಕಾಲಿನದೇ ಕಾಕಾ ಎಂದಳು. ಇಮಾಮುದ್ದೀನ ಮುಂದಿನ ಭಾಗ ಜಾಕಿನ ಮೇಲೆತ್ತಿ ಗಾಲಿ ತಿರುಗಿಸಲು ನೋಡಿದ. ಅಲ್ಲಾಡಲಿಲ್ಲ.

"ತಂಗಿ, ಕಾಲಿನ ತಪ್ಪಿದ್ರ ಕಾಲು ತಗದ ಮ್ಯಾಲೆ ಗಾಲಿ ಬಿಡಬೇಕಲ್ಲ? ನೀ ಇಲ್ಲೆ ನಿಂತೀ. ಅದು ಇನ್ನೂ ಹಿಡಕೊಂಡೈತಿ."

ಮೂರು ದಿನದಿಂದ ಈ ಸಾದಾ ಮಾತು ತನಗೆ ಯಾಕೆ ಹೊಳೆಯಲಿಲ್ಲ? ರೋಹಿಣಿಗೆ ತನ್ನ ಮೇಲೇ ಸಿಟ್ಟು ಬಂತು.

ಇಮಾಮುದ್ದೀನ ಅವಸರದವನಲ್ಲ. ಗಾಲಿಯ ಬದಿಯಲ್ಲಿ ಬ್ರೇಕ್ ಆಯಿಲ್ ಬಿಡುವ ನಿಪ್ಪಲನ್ನು ತುಸು ಸಡಿಲಿಸಿದ. ಆಯಿಲ್ ಚಿಳ್ಳೆಂದು ಚಿಮ್ಮಿತು, ಗಾಲಿ ಹಗುರಾಗಿ ತಿರುಗಿತು. ಅಂದರೆ ಗಾಲಿಯಲ್ಲಿ ದೋಷವಿಲ್ಲ, ಒತ್ತಡ ಒಳಗೇ ಸಿಕ್ಕಿಕೊಂಡಿದೆ. ಇನ್ನೊಂದು ಬದಿಯಲ್ಲೂ ಹಾಗೇ ಆಯಿತು. ಎರಡೂ ಗಾಲಿ ಒಟ್ಟಿಗೆ ಹಿಡಿದರೆ ರೋಗ ಮೇಲೆಯೇ ಇದೆ ಎನ್ನುತ್ತ, ಪೆಡಲಿನ ಕೆಳಗೆ ತಲೆ ಹಾಕಿದ. ಪೆಡಲು ಒತ್ತಿದಾಗ ಸಿಲಿಂಡರನ್ನು ದೂಡುವ ಒಂದು ರಾಡು ಅಲ್ಲಿರುತ್ತದೆ. ಕಾಲು ತೆಗೆದಾಗ ಆ ರಾಡಿಗೆ ತುಸು ಆಟ, ಅಂದರೆ ಅಲ್ಲಾಡುವಷ್ಟು ಸಡಿಲು, ಇರಬೇಕು, ಇಲ್ಲದಿದ್ದರೆ ಆಯಿಲ್ ವಾಪಸು ಹೋಗದೆ, ಕಾದು, ಬ್ರೇಕನ್ನು ತಾನೇ ಹಿಡಿಯುತ್ತದೆ. ಇಲ್ಲಿ ಆಟ ಒಂದಿಷ್ಟೂ ಇರಲಿಲ್ಲ. ಇನ್ನು ನಾಲ್ಕು ದಿನ ಹೀಗೇ ಓಡಿಸಿದ್ದರೆ ಆಯಿಲ್ ಕುದ್ದು, ಇಳಿಜಾರಿನಲ್ಲಿ ಬ್ರೇಕೇ ಇರುತ್ತಿರಲಿಲ್ಲ ಎಂದ.

"ಇದು ತಾನಾಗೇ ಆಗೂದಲ್ಲ ತಂಗಿ. ಯಾರೋ ಪಾನಾ ಹಿಡದು ಬಿಗಿ ಮಾಡ್ಯಾರ. ಬಂದು ನೋಡು."

ರೋಹಿಣಿ ಬಗ್ಗಿ ನೋಡಿದಳು. ರಾಡಿನ ನಟ್ಟಿನ ಮೇಲೆ ಬೆಳ್ಳಗೆ ಒಂದು ಗೆರೆ, ಎಲ್ಲೂ ತುಂಡಾಗದೆ, ಹಾಲಿನಷ್ಟು ಹೊಸದು. ಮಗಳಿಗೆ ಮೋಸ ಮಾಡುವಾಗಲೂ ಹೊಳೆಪ್ಪನಿಗೆ ಕೆಲಸ ಅಚ್ಚುಕಟ್ಟಾಗಿ ಮಾಡದೆ ಇರಲಾಗಲಿಲ್ಲ, ನೋಡಿ. ಕೈ ತನ್ನ ಚಟದಂತೆ ಸುಣ್ಣದ ಡಬ್ಬಿಗೆ ಹೋಗಿತ್ತು.

ಅವಳು ಅಳಲಿಲ್ಲ. ಇಮಾಮುದ್ದೀನ ರಾಡು ಸರಿ ಮಾಡಿದ ಮೇಲೆ ಸುಣ್ಣ ಒರೆಸಿ, ಬ್ಯಾಗಿನಿಂದ ಕೆಂಪು ಉಗುರುಬಣ್ಣ ತೆಗೆದು ತಾನೇ ಒಂದು ಗೆರೆ ಎಳೆದಳು.

ಸಂಜೆ ಮನೆ ಮುಟ್ಟಿದಾಗ ಹೊಳೆಪ್ಪ ಕಟ್ಟೆಯ ಮೇಲೆ ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದ. ಇವತ್ತೂ ಹೊಗೆ ಬಂತೇನು ಎಂದು ಕೇಳಿದ.

"ಬೆಳಕು ನಾನ ಹಿಡದಿದ್ನಲ್ಲಪಾ," ಎಂದಳು ರೋಹಿಣಿ.

ಹೆಬ್ಬೆರಳು ನಿಂತಿತು. ಹೊಳೆಪ್ಪ ತಿಕ್ಕಿದ ತಂಬಾಕನ್ನು ಕಟ್ಟೆಯ ಕೆಳಗೆ ಕೊಡವಿದ.

"ಅವಂಗ ಮತ್ತೊಂದು ಏನೂ ಬರಂಗಿಲ್ಲವಾ. ನೀ ಶಾಣ್ಯಾಕಿ, ಎಲ್ಲೆರ ಬದುಕತೀ."

"ಒಳಗ ಹನ್ನೊಂದು ಹುಡುಗ್ಯಾರಿದ್ರು."

ಮೂವತ್ತು ವರ್ಷ ಆ ಇಳಿಜಾರಿನಲ್ಲೇ ಬಸ್ಸು ಇಳಿಸಿದವನಿಗೆ ಆಯಿಲ್ ಕುದ್ದರೆ ಏನಾಗುತ್ತದೆಂದು ಯಾರೂ ಹೇಳಿಕೊಡಬೇಕಿರಲಿಲ್ಲ. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಗೌರೀಶನ ಮುಖ ಬಿಳಿಚಿತು. ಪಾಪ, ಅವನಿಗೆ ಏನೂ ಗೊತ್ತಿರಲಿಲ್ಲ. ಜೀವನದಲ್ಲಿ ಒಂದು ಕೆಲಸವನ್ನಾದರೂ ಚೆನ್ನಾಗಿ ಮಾಡಿದೆ ಎಂದುಕೊಂಡಿದ್ದ.

ಶನಿವಾರ ದೊಡ್ಡ ಅಕ್ಕೋರು ಆ ವಾರದ ಹೊಗೆಗೂ ತಡಕ್ಕೂ ಕಾರಣ ಕೇಳಿದರು. ಅಪ್ಪನ ಮರ್ಯಾದೆ ಉಳಿಸಲು ಕಾಲಿನ ತಪ್ಪೆಂದು ಒಪ್ಪಿಕೊಂಡರೆ ಕೆಲಸ ಹೋಗುತ್ತದೆ. ರೋಹಿಣಿ ಒಪ್ಪಿಕೊಳ್ಳಲಿಲ್ಲ. ನನ್ನ ಅಪ್ಪನೇ ಬಿಗಿ ಮಾಡಿದ್ದರು, ಬೇಕಾದರೆ ಇಮಾಮುದ್ದೀನ ಕಾಕಾನನ್ನು ಕೇಳ್ರಿ ಎಂದಳು. ಸುಣ್ಣದ ಗೆರೆಯ ತನಕ ಪೂರ್ತಿ ಹೇಳಿದಳು. ಅಕ್ಕೋರು ಇಮಾಮುದ್ದೀನನಿಗೆ ಫೋನು ಹಚ್ಚಿ ಕೇಳಿ, ಕೆಲಸವನ್ನು ಅವಳಿಗೇ ಕೊಟ್ಟರು.

ಸೋಮವಾರ ಬೆಳಿಗ್ಗೆ ಹೊರಡುವ ಮೊದಲು ಅವಳು ಸೆರಗು ಸಿಕ್ಕಿಸಿ, ಪೆಡಲಿನ ಕೆಳಗೆ ತಲೆ ಹಾಕಿ ಬೆಳಕು ಬಿಟ್ಟಳು. ಹೊಳೆಪ್ಪ ಕಟ್ಟೆಯಿಂದ ಇಳಿದು ಬಂದು ಸ್ವಲ್ಪ ದೂರದಲ್ಲಿ ನಿಂತ.

"ನಾ ಮುಟ್ಟಿಲ್ಲವಾ," ಎಂದ. "ನನ್ನ ನಂಬು."

ಕೆಂಪು ಗೆರೆ ಎಳೆದ ಹಾಗೆಯೇ ಇತ್ತು. ಆದರೂ ರೋಹಿಣಿ ಬೆರಳಿಟ್ಟು ಅದರ ಈ ತುದಿಯಿಂದ ಆ ತುದಿಯವರೆಗೆ ಮುಟ್ಟಿ ನೋಡಿದ ಮೇಲೆಯೇ ಎದ್ದಳು.

"ನಂಬೂದಲ್ಲಪಾ, ನೋಡೂದು," ಎಂದು ಹೇಳಿ ಗಾಡಿ ಹತ್ತಿದಳು.