ಹಿಂದಿನ ಬೆಂಚಿನ ಆಮೆನ್

ಅತ್ತೆಯ ಆಮೆನ್ ಯಾವಾಗಲೂ ಎಲ್ಲರದೂ ಮುಗಿದ ಮೇಲೆ ಬರುತ್ತಿತ್ತು. ಚರ್ಚಿನ ತುಂಬ ಜನ ಒಟ್ಟಿಗೆ ಹೇಳಿ ಸುಮ್ಮನಾಗುತ್ತಿದ್ದರು. ಸ್ವಲ್ಪ ಹೊತ್ತು ಮೌನ. ಆಮೇಲೆ ಹಿಂದಿನ ಬೆಂಚಿನಿಂದ ಅವರದೊಂದೇ ದಪ್ಪ ದನಿ. ಅದು ಬರುವವರೆಗೆ ಫಾದರ್ ಪುಟ ತಿರುಗಿಸುತ್ತಿರಲಿಲ್ಲ. ಫಾದರ್‌ಗಳು ಬದಲಾದರು, ಈ ರೂಢಿ ಬದಲಾಗಲಿಲ್ಲ.

ಮದುವೆಯಾಗಿ ಬಂದ ಹೊಸದರಲ್ಲಿ ಸೊಸೆ, ಅತ್ತೆಗೆ ಕಿವಿ ಮಂದವೆಂದುಕೊಂಡಿದ್ದಳು. ಕೇಳಿದ್ದಕ್ಕೆ ಅವರು ನಕ್ಕಿದ್ದರು.

“ಕಿವಿ ಚೆನ್ನಾಗೇ ಇದೆ ಕಣೆ. ನೀನು ಅಡುಗೆಮನೇಲಿ ಗೊಣಗೋದೂ ಕೇಳ್ಸತ್ತೆ. ಆಮೆನ್ ಅಂದ್ರೆ ಆಗಲಿ ಅಂತ ತಾನೆ? ಮೊಳೆ ಅಂಗಡೀಲಿ ಜೀವಮಾನವೆಲ್ಲ ತಕ್ಕಡಿ ಹಿಡಿದೋಳು ನಾನು. ಮುಳ್ಳು ನಿಲ್ಲೋಕೆ ಮುಂಚೆ ಸರಿಯಾಗಿದೆ ಅಂತ ಹೇಳಕ್ಕಾಗತ್ತಾ?”

“ದೇವರ ಮಾತನ್ನೂ ತೂಗ್ತೀರಾ ಅತ್ತೆ?”

“ದೇವರದಲ್ಲ. ಫಾದರ್‌ದು.”

ಮಗನನ್ನು, ಅಂದರೆ ಸೊಸೆಯ ಗಂಡನನ್ನು, ಮಣ್ಣು ಮಾಡಿದ ದಿನ ಮಾತ್ರ ಆ ದನಿ ಬರಲಿಲ್ಲ. ಫಾದರ್ ಕಾದರು, ಕೆಮ್ಮಿದರು, ಕೊನೆಗೆ ತಾವೇ ಮುಂದುವರಿಸಿದರು. ಮನೆಗೆ ಬಂದು ಚಪ್ಪಲಿ ಬಿಡುತ್ತ ಅತ್ತೆ ಸೊಸೆಗೆ ಹೇಳಿದ್ದು ಇಷ್ಟೇ: “ಮುಳ್ಳು ಇನ್ನೂ ಆಡ್ತಾ ಇದೆ.” ಮುಂದಿನ ಭಾನುವಾರ ಎಂದಿನಂತೆ ಆಮೆನ್ ಹೇಳಿದರು. ಸೊಸೆ ಪಕ್ಕದಲ್ಲೇ ಬಾಯಿ ಮುಚ್ಚಿ ಕೂತಿದ್ದಳು. ಅಂದಿನಿಂದ ಚರ್ಚಿನಲ್ಲಿ ಅವಳು ತುಟಿ ಬಿಚ್ಚಿರಲಿಲ್ಲ. ಅತ್ತೆ ಯಾಕೆಂದು ಕೇಳಲೂ ಇಲ್ಲ.

ಹಾಸಿಗೆ ಹಿಡಿದ ಮೇಲೆ ಒಂದು ಮಧ್ಯಾಹ್ನ, ಗಂಜಿಯ ಚಮಚವನ್ನು ಪಕ್ಕಕ್ಕೆ ತಳ್ಳಿ ಅತ್ತೆ ಹೇಳಿದರು: “ನನ್ನ ಸರದಿ ಬಂದಾಗ ಹಿಂದಿನ ಬೆಂಚಿನದು ನೀನು ಹೇಳು. ಅವಸರ ಮಾಡ್ಬೇಡ.”

ಸೊಸೆ ತಲೆಯಾಡಿಸಿದ್ದಳು.

ಇವತ್ತು ಬೆಳಿಗ್ಗೆ ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಆಮೆನ್ ಹೇಳಿ ನೋಡಿದಳು. ಬಂತು. ಅತ್ತೆಯ ಶವಪೆಟ್ಟಿಗೆಯ ಹಿಂದೆ ನಡೆಯುವಾಗ ಹಾಡಿನ ಗುಂಪಿನ ದರ್ಜಿಯಕ್ಕ ಮೊಣಕೈ ಹಿಡಿದು ಪಿಸುಗುಟ್ಟಿದಳು: “ಹೇಳ್ತೀಯಲ್ಲಮ್ಮ? ಇಲ್ದಿದ್ರೆ ಫಾದರ್ ಕಂಬದ ಹಾಗೆ ನಿಂತ್ಬಿಡ್ತಾರೆ. ಅಜ್ಜಿ ಅಷ್ಟು ಹದ ಮಾಡಿಟ್ಟಿದ್ದಾರೆ ಅವರನ್ನ.”

“ಹೇಳ್ತೀನಿ ಅಕ್ಕ.”

ಗುಂಡಿಯ ಅಂಚಿನಲ್ಲಿ ಫಾದರ್ ಕೊನೆಯ ಪ್ರಾರ್ಥನೆ ಓದಿದರು. ಎಲ್ಲರೂ ಆಮೆನ್ ಎಂದರು. ಫಾದರ್ ಅವರ ಬೆರಳು ಪುಟದ ಮೂಲೆಯಲ್ಲಿ ನಿಂತಿತು. ಅವರು ಅಭ್ಯಾಸಬಲದಿಂದ ತಲೆಯೆತ್ತಿ ಗುಂಪಿನ ಹಿಂಭಾಗ ನೋಡಿದರು, ಆಮೇಲೆ ಸೊಸೆಯನ್ನು. ಎಲ್ಲರೂ ಅವಳನ್ನೇ ನೋಡಿದರು.

ಅವಳು ಬಾಯಿ ತೆರೆದಳು. ನಾಲಿಗೆ ಇತ್ತು, ಉಸಿರೂ ಇತ್ತು. ಬೆಳಿಗ್ಗೆ ನೀರಿನ ಸದ್ದಿನಲ್ಲಿ ಅಷ್ಟು ಸಲೀಸಾಗಿ ಬಂದ ಮಾತು ಗಂಟಲಿನ ಕೆಳಗೆಲ್ಲೋ ಕೂತುಬಿಟ್ಟಿತ್ತು. ಎಳೆದಳು, ಬರಲಿಲ್ಲ. ದರ್ಜಿಯಕ್ಕ ಮೊಣಕೈ ಒತ್ತಿದಳು. ಯಾರದೋ ಮಗು ಸೀನಿತು. ಫಾದರ್ ಕಾದೇ ಕಾದರು. ಕೊನೆಗೆ ಪುಸ್ತಕವನ್ನು ಮೆಲ್ಲಗೆ ಮುಚ್ಚಿದರು.

ಜನ ಚದುರಿದರು. ದರ್ಜಿಯಕ್ಕ ಅವಳ ಸೆರಗು ಸರಿಮಾಡಿ ಹೋದಳು. ಗುಂಡಿ ತೋಡಿದವನು ಸಲಿಕೆಗೆ ಒರಗಿ ನಿಂತಿದ್ದ.

“ಶುರು ಮಾಡ್ಲಾ ಅಮ್ಮ?”

ಅವಳು ಅವನ ಮುಖ ನೋಡಿದಳು. ಬೇಡ, ಇನ್ನೊಂದು ಸ್ವಲ್ಪ ತಡಿ ಎನ್ನಬೇಕಿತ್ತು. ಅದೂ ಬರಲಿಲ್ಲ.

ಅವನು ಸ್ವಲ್ಪ ಹೊತ್ತು ಕಾದ. ಆಗಲಿ ಅಂದಳೆಂದುಕೊಂಡು ಸಲಿಕೆ ಎತ್ತಿದ.