ಒಂಬತ್ತು ಪಾದದ ಅಳತೆ

ಬಿಳಿಯದೇನೋ ಹೊರಳಿತು, ಮರಳಿನ ಅಂಚಿನಲ್ಲಿ, ಚೆಂಡಲ್ಲ, ಅದೂ ಅಲ್ಲ, ಯಾರೋ ಚಹಾ ಕುಡಿದು ಎಸೆದ ಕಾಗದದ ಕಪ್ಪು, ಗಾಳಿಗೆ ಒಂದು ಸುತ್ತು ತಿರುಗಿ ಸುಮ್ಮನಾಯಿತು, ಚನ್ನವೀರನ ಎದೆ ಮಾತ್ರ ಸುಮ್ಮನಾಗಲಿಲ್ಲ, ಇನ್ನು ಮುಂದೆ ಬಿಳಿಯದೆಲ್ಲ ಹೀಗೇ ಕಾಣುವುದೋ ಏನೋ — ಫೋನು ಇನ್ನೂ ಕೈಯಲ್ಲಿ ಬೆಚ್ಚಗಿದೆ, ಅಕ್ಕ ಅಮರೇಶ್ವರಿ ಮಸ್ಕಿ ಬಸ್ ಸ್ಟ್ಯಾಂಡಿನಿಂದ ಮಾತಾಡಿ ಐದು ನಿಮಿಷವಾಗಿಲ್ಲ, ಸಿಂಧನೂರಿನಿಂದ ಏಳಕ್ಕೇ ಹೊರಟವಳು, ತಮ್ಮಾ, ಮಸ್ಕಿ ಬಂತು ನೋಡು, ಲಿಂಗಸುಗೂರಾಗ ಬಸ್ ಬದಲಿ ಮಾಡಿ ಹತ್ತೂವರಿಗೆಲ್ಲ ಗುರುಗುಂಟಾ ಮುಟ್ಟತೀನಿ, ಗದ್ದುಗಿ ಕಲ್ಲು ಬಂದಾವಿಲ್ಲೋ, ಬಂದಾವಕ್ಕಾ, ದಾರ ಮರೀದ ತಂದೀನಿ ಮತ್ತ, ಅವ್ವನ ತಲಿಕಡಿ ನಾ ಹಚ್ಚಿದ ಸಣ್ಣ ಬೇವು ಎಷ್ಟೆತ್ತರ ಆಗೇತಲೇ, ನೋಡಿ ವರ್ಷಾತು. ಸಣ್ಣ ಬೇವು? ಯಾವ ಸಣ್ಣ ಬೇವಕ್ಕಾ, ಅವ್ವನ್ನ ಇಟ್ಟಿದ್ದು ದೊಡ್ಡ ಬೇವಿನ ಬುಡಕಲ್ಲೇನು? ಅಯ್ಯ ಹುಚ್ಚಾ, ಅಲ್ಲಿ ಮೂರಡಿಗೇ ಕಲ್ಲು ಹತ್ತಿತು, ಕುಂದ್ರಸೂವಷ್ಟು ಆಳ ಹೋಗಲಿಲ್ಲ, ಅದಕ್ಕ ಕೆಳಗಿನ ಮೂಲಿಯಾಗ, ಮೆತ್ತನ ಮಣ್ಣಿನಾಗ ಇಟ್ಟಿವಿ, ನಿನಗ ಹೇಳಿಲ್ಲೇನು ನಾ, ಏ ಬಸ್ ಬಿಟ್ಟಾನ, ಬಂದು ಮಾತಾಡ್ತೀನಿ. ಹೇಳಿದ್ದಳೋ ಇಲ್ಲವೋ, ಅವನು ಕೇಳಿರಲಿಲ್ಲ. ಬೇವಿನ ಗಿಡದ ಹತ್ರ ಅಂದಿದ್ದಳು, ಆಗ ಅವನಿಗೆ ಗೊತ್ತಿದ್ದದ್ದು ಒಂದೇ ಬೇವು. ಈಗ ಅವನು ನಿಂತಿರುವುದು ಕೆಳಗಿನ ಮೂಲೆಯಲ್ಲಿ, ಗಾಲ್ಫ್ ಮೈದಾನದ ಏಳನೆಯ ಕುಳಿಯ ಬಂಕರಿನ ದಂಡೆಯ ಮೇಲೆ, ಕೆಳಗೆ ಒಂಬತ್ತಡಿ ಆಳದ ಮರಳಿನ ಗುಂಡಿ, ತಾನೇ ಗೀಚಿ, ತಾನೇ ನಿಂತು ಅಗೆಸಿದ ಗುಂಡಿ.

ಮೂರು ಸಲ ದೇಶದ ಚಾಂಪಿಯನ್ ಆದವನು, ಟಿವಿಯವರು ಬಾಯ್ತುಂಬ ಹೊಗಳುವ ಗಾಲ್ಫ್ ಆಟಗಾರ, ಈಗ ಮೈದಾನಗಳನ್ನು ರೂಪಿಸಿಕೊಡುವವನು, ಗೋವಾದಲ್ಲಿ ಒಂದು, ನಾಸಿಕದಲ್ಲಿ ಒಂದು, ನೆಲ ಓದಬಲ್ಲವನು ಎಂದು ಹೆಸರು, ಕಾಲಿಟ್ಟರೆ ಸಾಕು ನೀರು ಎತ್ತ ಹರಿಯುತ್ತದೆ ಹೇಳಿಬಿಡುತ್ತಾನಂತೆ, ಹೇಳಲಿ ಈಗ, ಹೆತ್ತವಳು ಯಾವ ಮಣ್ಣಿನಲ್ಲಿ ಕೂತಿದ್ದಾಳೆಂದು ಓದಲಾಗದ ಕಾಲು. ಹೌದು, ಕೂತಿದ್ದಾಳೆ, ಅವರದು ಮಲಗಿಸುವ ಮನೆತನವಲ್ಲ, ಕೂರಿಸುವುದು, ಚಕ್ಕಳಮಕ್ಕಳ ಹಾಕಿಸಿ, ಅಂಗೈಯಲ್ಲಿ ಲಿಂಗ ಇಟ್ಟು, ಸುತ್ತ ವಿಭೂತಿ ಉಂಡೆ, ಪತ್ರಿ, ಉಪ್ಪು ತುಂಬಿ, ಅದಕ್ಕೇ ಆಳ ಬೇಕು, ಕುಣಿಯ ಅಳತೆಯೂ ಹೋದವರ ಪಾದದ್ದೇ, ಒಂಬತ್ತು ಪಾದ, ಅಕ್ಕ ಅವ್ವನ ಅಂಗಾಲಿಗೆ ದಾರ ಹಿಡಿದು ಒಂಬತ್ತು ಗಂಟು ಹಾಕಿಕೊಂಡಿದ್ದಾಳೆ, ಆರು ವರ್ಷದಿಂದ ದೇವರ ಜಗಲಿಯಲ್ಲಿ ಇಟ್ಟಿದ್ದಾಳೆ, ಕುಣಿಯ ಮೇಲೆ ಕಟ್ಟುವ ಕಲ್ಲಿನ ಗದ್ದುಗೆಯೂ ಅದೇ ಅಳತೆಗೆ ಬರಬೇಕೆಂದು. ಗದ್ದುಗೆ ಕಟ್ಟಿಸದೆ ಬಿಟ್ಟವನು ಯಾರು, ಇವನೇ, ಕಲ್ಲು ನಾನೇ ಇಡ್ತೀನಿ ಅಕ್ಕಾ, ನಾ ಬರೂತನ ಯಾರೂ ಮುಟ್ಟಬ್ಯಾಡ್ರಿ, ಎಂಥ ಮಾತೃಭಕ್ತ, ಆರು ಮಳೆಗಾಲ ಬಂದು ಹೋದವು, ಮಣ್ಣಿನ ಗುಪ್ಪೆ ಇಳಿದು ಹೊಲದ ಸಮಕ್ಕೆ ಬಂತು, ಗುರುತಿಗೆಂದು ಉಳಿದದ್ದು ಅಕ್ಕ ಹಚ್ಚಿದ ಒಂದು ಸಸಿ. ಈ ಮೈದಾನ ಕಟ್ಟಿಸುವ ಕಂಪನಿಯವರಿಗೆ ಜಾಗ ಬೇಕಾದಾಗ ತಮ್ಮದೂ ನಾಲ್ಕೆಕರೆ ಸೇರಿಸೋಣ ಎಂದವನೂ ಇವನೇ, ಅಕ್ಕ ಸಹಿ ಮಾಡುವ ಮುಂಚೆ ಪೆನ್ನು ಹಿಡಿದುಕೊಂಡೇ ಕೇಳಿದಳು, ಹೊಲ ಏನರ ಮಾಡ್ಕೋ, ಅವ್ವನ್ನ ಮಾತ್ರ ಅಲ್ಲಾಡಿಸಬ್ಯಾಡ, ಮಾತು ಕೊಡು. ಕೊಟ್ಟ. ಕೊಟ್ಟು ಬಂದು ನಕ್ಷೆಯಲ್ಲಿ ದೊಡ್ಡ ಬೇವಿನ ಸುತ್ತ ಕೆಂಪು ಶಾಯಿಯಲ್ಲಿ ದುಂಡಗೆ ಬರೆದ, ಇಲ್ಲಿ ಒಂದು ಹುಲ್ಲುಕಡ್ಡಿಯನ್ನೂ ಮುಟ್ಟಕೂಡದು ಎಂದು ಕೂಲಿಯವರಿಗೆಲ್ಲ ತಾಕೀತು ಮಾಡಿದ, ಆರನೆಯ ಕುಳಿಯ ದಾರಿಯನ್ನೇ ಆ ಮರಕ್ಕಾಗಿ ಬಾಗಿಸಿದ, ಒಂದು ವರ್ಷದಿಂದ ದಿನಾ ಬೆಳಿಗ್ಗೆ ಬಂದು ಅದರ ಬುಡಕ್ಕೆ ಕೈ ಮುಗಿಯುತ್ತಿದ್ದಾನೆ, ಕೆಳಗೆ ಬರೀ ಕಲ್ಲು.

ಕಲ್ಲು ಇದ್ದದ್ದು ಅವನಿಗೆ ಗೊತ್ತಾಗುವುದಾದರೂ ಹೇಗೆ, ಮಣ್ಣಿನ ದಿನ ಇದ್ದವರಿಗೆ ಗೊತ್ತು, ಇವನು ಇದ್ದದ್ದು ಚಂಡೀಗಢದಲ್ಲಿ, ಕೊನೆಯ ದಿನದ ಆಟ, ಎರಡು ಹೊಡೆತ ಮುಂದಿದ್ದ, ಬೂಟಿನ ಲೇಸು ಕಟ್ಟುವಾಗ ಅಕ್ಕನ ಫೋನು, ಚನ್ನಾ, ಅವ್ವ ಹೋದಳೋ, ಬರ್ತೀಯೇನು, ಇಟ್ಕೊಂಡು ಕುಂದ್ರತೀವಿ — ಇವನು ಇನ್ನೊಂದು ಬೂಟಿನ ಲೇಸನ್ನೂ ಕಟ್ಟಿ ಮುಗಿಸಿ ಆಮೇಲೆ ಹೇಳಿದ, ಬ್ಯಾಡಕ್ಕಾ, ಬಿಸಲು ಭಾಳ ಐತಿ, ನೀವು ಮಣ್ಣು ಮಾಡ್ರಿ. ಗೆದ್ದ. ಕಪ್ಪು ಎತ್ತಿ ಹಿಡಿದು ಇದು ನನ್ನ ತಾಯಿಗೆ ಎಂದ, ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ತಾಯಿ ಬಸವಣ್ಣೆಮ್ಮ ಗಣಿ ಕಂಪನಿಯ ಕ್ಲಬ್ಬಿನಲ್ಲಿ ಮೂವತ್ತು ವರ್ಷ ದುಡಿದವಳು, ಸಾಹೇಬರು ಆಡುವ ಒಂಬತ್ತು ಕುಳಿಯ ಮೈದಾನ, ಈ ಬಿಸಿಲಿಗೆ ಹುಲ್ಲೆಲ್ಲಿ ಬರಬೇಕು, ಕುಳಿಯ ಸುತ್ತ ಹುಲ್ಲಿನ ಬದಲು ಉಸುಕು, ಧೂಳು ಏಳದಿರಲೆಂದು ಅದಕ್ಕೆ ಲಾರಿಯ ಸುಟ್ಟ ಎಣ್ಣೆ ಕಲಸುವುದು, ಒಬ್ಬೊಬ್ಬ ಸಾಹೇಬ ಆಡಿ ಹೋದಮೇಲೆ ಅವ್ವ ಗೋಣಿತಾಟು ಎಳೆದುಕೊಂಡು ಸುತ್ತು ಹಾಕಿ ಹೆಜ್ಜೆ ಗುರುತೆಲ್ಲ ಅಳಿಸುವುದು, ಅಂಗಾಲು ಎಣ್ಣೆ ಕುಡಿದು ಕರ್ರಗಾಗಿ ಎಷ್ಟು ಉಜ್ಜಿದರೂ ಹೋಗದು, ಲೇ ಚನ್ನ, ಕಣ್ಣಿಲೆ ಅಳೀಬ್ಯಾಡ, ಪಾದಲೆ ಅಳಿ, ಕಣ್ಣು ಸುಳ್ಳು ಹೇಳ್ತೈತಿ, ಪಾದ ಹೇಳಂಗಿಲ್ಲ, ಅನ್ನುತ್ತಿದ್ದಳು. ಸಾಹೇಬರು ಊಟಕ್ಕೆ ಹೋದಾಗ ಮುರುಕು ಕೋಲಿನಿಂದ ಅವನು ಆಡುತ್ತಿದ್ದದ್ದು ಅವಳು ಸಾಫು ಮಾಡಿಟ್ಟ ಉಸುಕಿನ ಮೇಲೆಯೇ, ಬಯ್ಯುತ್ತಿರಲಿಲ್ಲ, ಮತ್ತೆ ಗೋಣಿತಾಟು ಎಳೆಯುತ್ತಿದ್ದಳು. ಚಂಡೀಗಢದ ಕೊನೆಯ ಹೊಡೆತವನ್ನೂ ಅವನು ಪಾದದಲ್ಲೇ ಅಳೆದ, ಹನ್ನೊಂದು ಪಾದ, ಚೆಂಡು ನೇರ ಹೋಗಿ ಕುಳಿಗೆ ಬಿತ್ತು. ಆ ಹೊತ್ತಿಗೇ ಇಲ್ಲಿ ಅವ್ವನನ್ನು ಇಳಿಸುತ್ತಿದ್ದರು.

ಅಕ್ಕ ಲಿಂಗಸುಗೂರು ಮುಟ್ಟಿರಬೇಕು ಈಗ, ಬಸ್ಸು ಸಿಗದಿರಲಿ ಎಂದು ಬೇಡಿಕೊಳ್ಳುತ್ತಿದೆಯಲ್ಲ ಮನಸ್ಸು, ಥೂ, ಇಂಥ ಮನಸ್ಸಿಗೆ ಏನನ್ನಬೇಕು — ಸಾಹೇಬ್ರ, ಚಾ ತರಲೇನ್ರಿ, ಅದು ಜೆಸಿಬಿಯ ಚಾಂದ್‌ಪಾಷಾ, ಹೆಗಲ ಮೇಲೆ ಟವೆಲು, ಕಳೆದ ಕಾರ್ತಿಕದಲ್ಲಿ ಈ ಗುಂಡಿ ತೆಗೆದವನು, ಪಾಷಾ, ಇಲ್ಲಿ ಒಂದು ಸಣ್ಣ ಬೇವಿನ ಗಿಡ ಇತ್ತಲ್ಲ, ಇತ್ರಿ, ನೀವ ಹೇಳಿದ್ರಲ್ರಿ ಕಣ್ಣಿಗೆ ಅಡ್ಡ ಬರತೈತಿ ಕಿತ್ತು ಒಗಿ ಅಂತ, ಮಣ್ಣು ಹೆಂಗಿತ್ತು, ಭಾಳ ಮೆತ್ತಗ ಇತ್ರಿ, ಆವಾಗೇ ಅಂದೆನ್ರಿ, ಯಾರೋ ಮದ್ಲ ಅಗದಂಗ ಐತಿ ಅಂತ, ಇನ್ನೂ ಎರಡಡಿ ತಗಿ ಅಂದ್ರಿ ನೀವು. ಹೌದು, ಅಂದಿದ್ದ, ನೆನಪಿದೆ, ಆಟಗಾರ ಇಲ್ಲಿ ಬಿದ್ದರೆ ತಲೆಯೂ ಕಾಣಬಾರದು ಪಾಷಾ, ಅಂಥ ಗುಂಡಿ ಬೇಕು ಎಂದು ನಕ್ಕಿದ್ದ, ಅದೇ ಗಳಿಗೆಗೆ ಜೆಸಿಬಿಯ ಬಕೆಟ್ಟಿನ ಮಣ್ಣಿನಿಂದ ಬಿಳಿ ಉಂಡೆಯೊಂದು ಜಾರಿ, ಇಳಿಜಾರಿನಲ್ಲಿ ಉರುಳಿ ಉರುಳಿ ಬಂದು ಅವನ ಬೂಟಿಗೆ ತಾಗಿ ನಿಂತಿತ್ತು, ಲೇ ಪಾಷಾ, ನನಗಿಂತ ಮದ್ಲ ಇಲ್ಲಿ ಯಾರೋ ಆಡ್ಯಾರಲ್ಲೋ, ಎಲ್ಲರೂ ನಕ್ಕರು, ಅವನು ಬೂಟಿನ ತುದಿಯಿಂದ ಒತ್ತಿದ, ಪುಡಿಯಾಯಿತು, ಸುಣ್ಣವೋ ಏನೋ ಎಂದುಕೊಂಡ. ದಿನಾ ಹಣೆಗೆ ಹಚ್ಚಿಕೊಂಡು ಬೆಳೆದವನಿಗೆ ವಿಭೂತಿ ಸುಣ್ಣವಾಗಿ ಕಂಡಿತು. ಪಾಷಾ, ಮತ್ತೇನಾದರೂ ಬಂತೇನು ಮಣ್ಣಿನಾಗ, ಪಾಷಾ ನೆಲ ನೋಡುತ್ತಾನೆ, ಎಲುಬು ಬಂದಿದ್ವ್ರಿ, ದನದ್ದು ಇರಬೇಕಂತ ಮಾಡಿದ್ವಿ, ನಿಮಗ ಹೇಳಾಕ ಬಂದೆ, ನೀವು ಫೋನಿನಾಗ ಇದ್ರಿ, ಹಾಕು ಹಾಕು ಅಂತ ಕೈ ಮಾಡಿದ್ರಿ, ಎಲ್ಲಿ ಹಾಕಿದಿ, ಅಲ್ಲೇ ರಿ, ಗ್ರೀನಿನ ಕೆಳಗ ಎತ್ತರ ಮಾಡಾಕ. ಅಲ್ಲೇ, ಎಂದರೆ ಎದುರಿಗೆ, ಐವತ್ತು ಹೆಜ್ಜೆ ಮೇಲೆ, ಏಳನೆಯ ಕುಳಿಯ ಸುತ್ತಿನ ನುಣುಪಾದ ಹುಲ್ಲಿನ ದಿಬ್ಬ, ಹೈದರಾಬಾದಿನಿಂದ ತಂದ ಹುಲ್ಲು, ನೀರಿನ ಕಾರಂಜಿ ಚಿಟಚಿಟ ತಿರುಗುತ್ತಿದೆ. ಅವ್ವ ಅಲ್ಲಿದ್ದಾಳೆ, ಅಲ್ಲಿಷ್ಟು ಇಲ್ಲಿಷ್ಟು, ಕೂತೂ ಇಲ್ಲ, ಮಲಗಿಯೂ ಇಲ್ಲ, ಅಂಗೈಯ ಲಿಂಗ ಎಲ್ಲಿ ಬಿದ್ದಿದೆಯೋ ಯಾರಿಗೆ ಗೊತ್ತು. ಹೋಗು ಪಾಷಾ, ಚಾ ಬ್ಯಾಡ.

ಇನ್ನು ಅರ್ಧ ತಾಸು, ಅರ್ಧ ತಾಸಿನಲ್ಲಿ ಏನೇನು ಮಾಡಬಹುದು, ನರ್ಸರಿ ಶೆಡ್ಡಿನಲ್ಲಿ ಬೇವಿನ ಸಸಿಗಳಿವೆ, ಆಳೆತ್ತರದ್ದೊಂದು ತಂದು ದಂಡೆಯ ಮೇಲೆ ನೆಟ್ಟು ನೀರು ಹೊಯ್ದರೆ, ಅಕ್ಕನಿಗೇನು ತಿಳಿಯುತ್ತದೆ, ಗುಂಡಿ ಪಕ್ಕಕ್ಕಿದೆ, ಅವ್ವ ಇತ್ತ ಇದ್ದಾಳೆ, ಕಲ್ಲು ಇಡೋಣ, ಮುಗಿಯಿತು, ಯಾರು ಅಗೆದು ನೋಡುತ್ತಾರೆ, ಹೀಗೆ ಲೆಕ್ಕ ಹಾಕುತ್ತಿರುವವನೇ ಕೋಲ್ಕತ್ತಾದಲ್ಲಿ ಒಣಹುಲ್ಲಿನೊಳಗೆ ಬಿದ್ದ ಚೆಂಡಿನ ಮುಂದೆ ಕೋಲು ಊರಿದಾಗ ಚೆಂಡು ಜೋಳದ ಕಾಳಿನಷ್ಟು ಸರಿದದ್ದನ್ನು ತಾನೇ ಹೋಗಿ ಹೇಳಿದವನು, ರೆಫರಿ ನೋಡಿರಲಿಲ್ಲ, ಎದುರಾಳಿ ನೋಡಿರಲಿಲ್ಲ, ಕ್ಯಾಮೆರಾ ಕೂಡ ಇರಲಿಲ್ಲ, ಸರ್, ಚೆಂಡು ಅಲ್ಲಾಡಿತು ಎಂದು ಕೈ ಎತ್ತಿದ, ಒಂದು ಹೊಡೆತ ದಂಡ ಬಿತ್ತು, ಅದೇ ಒಂದರಿಂದ ಸೋತ, ಮರುದಿನ ಪೇಪರಿನವರೆಲ್ಲ ಇವನ ಪ್ರಾಮಾಣಿಕತೆಯನ್ನೇ ಬರೆದರು, ಶಾಲೆಗಳಲ್ಲಿ ಭಾಷಣಕ್ಕೆ ಕರೆದರು, ಎಷ್ಟು ಸುಲಭವಿತ್ತು ಆಗ, ಸರಿದದ್ದು ಬರೀ ಚೆಂಡು. ಅಕ್ಕನಿಗೆ ಹೇಳಬೇಕು, ಇಳಿದ ಕೂಡಲೇ ಹೇಳಬೇಕು, ಗೇಟಿನಲ್ಲೇ, ಅಕ್ಕಾ, ತಪ್ಪಾಗೇತಿ ಎಂದು ಶುರುಮಾಡಬೇಕು, ಆಮೇಲೆ ಆ ಹುಲ್ಲನ್ನೆಲ್ಲ ಸುರುಳಿ ಸುತ್ತಿಸಿ, ಮಣ್ಣನ್ನು ಜರಡಿ ಹಿಡಿದು ಹುಡುಕಬೇಕು, ಕೈಯಿಂದ, ತಾನೇ, ಎಷ್ಟು ದಿನವಾದರೂ. ಹೇಳುತ್ತಾನೆ. ಹೇಳೇ ಹೇಳುತ್ತಾನೆ, ಆದರೆ ಕಾಲು ಗೇಟಿನ ಕಡೆ ಏಳುತ್ತಿಲ್ಲ, ಅಷ್ಟರಲ್ಲಿ ದೂರದಲ್ಲಿ ಬಸ್ಸಿನ ಹಾರನ್ನು.

ಕಟ್ಟಿಗೆಯ ಗೇಟು ದಾಟಿ ಬರುತ್ತಿದ್ದಾಳೆ, ಐವತ್ತೆಂಟರ ಅಮರೇಶ್ವರಿ, ಅಂಗನವಾಡಿಯ ಮಕ್ಕಳನ್ನು ಎತ್ತಿ ಎತ್ತಿ ಒಂದು ಕಡೆ ವಾಲಿದ ನಡಿಗೆ, ಕೈಯಲ್ಲಿ ಹೂವಿನ ಚೀಲ, ದೊಡ್ಡ ಬೇವಿನ ಬುಡದಲ್ಲಿ ಜೋಡಿಸಿಟ್ಟ ಕೆತ್ತಿದ ಕಲ್ಲುಗಳ ಪಕ್ಕದಲ್ಲೇ ಹಾದು ಬಂದಳು, ಆ ಕಡೆ ತಿರುಗಿಯೂ ನೋಡಲಿಲ್ಲ, ದಾರಿ ಕೇಳಲಿಲ್ಲ, ಬದು ಹೋಗಿದೆ, ಬಾರಿಗಿಡ ಹೋಗಿದೆ, ಗುರುತಿಗೊಂದು ಕಲ್ಲೂ ಉಳಿದಿಲ್ಲ, ಆದರೂ ನೇರ ಕೆಳಗಿನ ಮೂಲೆಗೇ ಬಂದಳು, ಅವಳ ಪಾದಕ್ಕೆ ಗೊತ್ತಿದೆ. ದಂಡೆಯ ಮೇಲೆ ನಿಂತಳು. ಈಗ ಹೇಳು ಚನ್ನವೀರ, ಈಗ. ಚನ್ನಾ, ಗಿಡ ಎಲ್ಲಿ, ಗಿಡ... ಗಿಡ ತಗದೀನಕ್ಕಾ, ಇಷ್ಟೇ ಬಂತು ಬಾಯಿಂದ, ಅವಳು ಹೂವಿನ ಚೀಲ ಕೆಳಗಿಟ್ಟಳು, ಹೋಗ್ಲಿ ಬಿಡು, ಗಿಡ ಮತ್ತೊಂದು ಹಚ್ಚಿದ್ರಾತು, ಎಂದು ಗುಂಡಿಯನ್ನು ನೋಡಿದಳು, ನಯವಾಗಿ ಇಳಿಯುವ ದಂಡೆಯನ್ನು, ಗುಜರಾತಿನಿಂದ ತರಿಸಿದ ಬೆಳ್ಳನೆಯ ಮರಳನ್ನು, ಗೆರೆ ಗೆರೆಯಾಗಿ ಬಾಚಿಟ್ಟದ್ದನ್ನು, ನೋಡುತ್ತ ನೋಡುತ್ತ ಅವಳ ಕಣ್ಣು ತುಂಬಿತು, ಯಪ್ಪಾ, ಇಷ್ಟು ದೊಡ್ಡ ಗದ್ದುಗಿ ಜಾಗ ಮಾಡೀಯೇನೋ ಅವ್ವಗ, ಸುತ್ತ ದಂಡಿ ಏರಿಸಿ, ಉಸುಕು ಹಾಸಿ, ಅಕಿ ಎಳೀತಿದ್ದಳಲ್ಲ ಹಂಗ ಗೆರಿ ಎಳದು, ನಾ ಏನೇನೋ ಅನ್ಕೊಂಡಿದ್ನಿ ನಿನ್ನ ಬಗ್ಗಿ, ತಪ್ಪಾತು ತಮ್ಮಾ. ಚಪ್ಪಲಿ ಬಿಟ್ಟಳು, ಸೆರಗು ತಲೆಗೆ ಎಳೆದುಕೊಂಡಳು, ದಂಡೆ ಹಿಡಿದು ಮೆಲ್ಲಗೆ ಇಳಿದು ಮರಳಿನ ಮೇಲೆ ಮಂಡಿಯೂರಿ ಹಣೆ ಮುಟ್ಟಿಸಿದಳು, ಎದ್ದಾಗ ಹಣೆಯ ತುಂಬ ಬಿಳಿ, ಸೊಂಟದ ಸಂಚಿಯಿಂದ ದಾರ ತೆಗೆದಳು, ಒಂಬತ್ತು ಗಂಟಿನ ದಾರ, ಎಣ್ಣೆಗಪ್ಪು ಇನ್ನೂ ಅದರಲ್ಲಿದೆ, ಮರಳಿನ ಮೇಲೆ ನೆಟ್ಟಗೆ ಹಾಸಿ ಇನ್ನೊಂದು ತುದಿ ಅವನ ಕಡೆ ಚಾಚಿದಳು, ಬಾ, ಆ ಕಡಿ ಹಿಡಿ, ನೀನ ಅಳೀಬೇಕು, ಮಗ ನೀನು — ಬರುತ್ತಾನೆ, ಒಂದು ಹೆಜ್ಜೆ ಇಳಿಯುತ್ತಾನೆ, ಬಾಯಿ ತೆರೆದಿದೆ, ಆಗ ಅವಳು ದಾರದಿಂದ ಕಣ್ಣೆತ್ತದೆ, ಇಲ್ಲ ಎಂಬ ಉತ್ತರ ಮೊದಲೇ ಗೊತ್ತಿರುವವರು ಕೇಳುವ ಹಾಗೆ ಕೇಳಿದಳು, ಅವ್ವನ್ನ ಅಲ್ಲಾಡಿಸಿಲ್ಲಲ್ಲ? ಅವನಿಗೆ ಅಕ್ಕ ಕಾಣಲಿಲ್ಲ, ದಾರ ಕಾಣಲಿಲ್ಲ, ಇಳಿಜಾರಿನಲ್ಲಿ ಆ ಬಿಳಿ ಉಂಡೆ ಮತ್ತೆ ಉರುಳಿತು, ಉರುಳಿ ಉರುಳಿ ಬಂದು ಬೂಟಿಗೆ ತಾಗಿ ನಿಂತಿತು, ಬೂಟು ಎದ್ದಿತು, ಬಿಳಿ ಉಂಡೆ, ಬೂಟು, ಬಿಳಿ ಉಂಡೆ