ಜೊತೆಗೊಬ್ಬರು

"ನಾಳೆ ನನ್ ಜೊತೆ ಬರ್ತೀಯ ತಾನೇ? ಕೊನೇ ಗಳಿಗೇಲಿ ಕೈ ಕೊಡ್ಬೇಡ," ಎನ್ನುತ್ತಾ ಅಕ್ಕ ಹಾಸುಬಟ್ಟೆಯ ತನ್ನ ಕಡೆಯ ತುದಿಗಳನ್ನು ಫಟಾರನೆ ಕೊಡವಿದಳು.

"ಬರ್ತೀನಿ ಅಂದ್ನಲ್ಲ ಅಕ್ಕ. ಇನ್ನೇನು, ಆಣೆ ಮಾಡ್ಲಾ?" ಎಂದಳು ಎದುರು ತುದಿಗಳನ್ನು ಹಿಡಿದಿದ್ದ ಇವಳು.

ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಯಂತ್ರಗಳ ಗದ್ದಲದ ನಡುವೆ ಕೂಗಿಯೇ ಮಾತಾಡಬೇಕು. ಡ್ರೈಯರಿನಿಂದ ತೆಗೆದ ಹಾಸುಬಟ್ಟೆಯನ್ನು ಬಿಸಿ ಆರುವ ಮೊದಲೇ ಮಡಿಸಬೇಕು, ಇಲ್ಲದಿದ್ದರೆ ಸುಕ್ಕು ಕೂತುಬಿಡುತ್ತದೆ. ಒಬ್ಬರಿಂದ ಆಗುವ ಕೆಲಸವಲ್ಲ. ಎರಡು ಕಡೆ ಇಬ್ಬರು ಹಿಡಿದು, ಎಳೆದು, ಉದ್ದಕ್ಕೆ ಮಡಿಸಿ, ಒಬ್ಬರತ್ತ ಒಬ್ಬರು ನಡೆದು ಬರಬೇಕು. ನಡುವೆ ಎದುರಾದಾಗ ಅಕ್ಕ ತನ್ನ ತುದಿಗಳನ್ನು ಇವಳ ಕೈಗೆ ಕೊಟ್ಟು, ತಿರುಗಿಯೂ ನೋಡದೆ ಎಡಗಡೆಯ ಬುಟ್ಟಿಗೆ ಕೈ ಹಾಕಿ ಮುಂದಿನ ಬಟ್ಟೆಯನ್ನು ಎತ್ತಿಕೊಳ್ಳುವಳು. ವರ್ಷಗಟ್ಟಲೆಯ ರೂಢಿ, ಕೈ ತಾನಾಗಿ ಹೋಗುತ್ತಿತ್ತು.

ಅಕ್ಕ ಎಂದರೆ ಒಡಹುಟ್ಟಿದವಳೇನಲ್ಲ. ಈ ದೇಶದಲ್ಲಿ ಇವಳಿಗೆ ಸಿಕ್ಕ, ಇವಳ ಭಾಷೆಯಾಡುವ ಮೊದಲ ಹೆಂಗಸು. ಕೆಲಸಕ್ಕೆ ಸೇರಿದ ದಿನ ಬಿಸಿ ಬಟ್ಟೆ ಹಿಡಿದು ಇವಳ ಬೆರಳುಗಳಲ್ಲಿ ಬೊಬ್ಬೆ ಎದ್ದಾಗ ತನ್ನ ಕೈಗವಸು ಬಿಚ್ಚಿ ಕೊಟ್ಟವಳು. ಮಗಳಿಗೆ ಜ್ವರ ಬಂದಾಗ ಮೇಲ್ವಿಚಾರಕನ ಕಣ್ಣು ತಪ್ಪಿಸಿ ಇವಳನ್ನು ಮನೆಗೆ ಅಟ್ಟಿದವಳು. ಈಗ ಅವಳ ಮೊಣಕಾಲು ಸೋತಿತ್ತು. ನಿಂತು ಮಾಡುವ ಕೆಲಸಕ್ಕೆ ಕೂತು ಕೂತು ಏಳುವವಳು ಯಾರಿಗೆ ಬೇಕು? ನಾಳೆ ಎಚ್‌ಆರ್ ಆಫೀಸಿಗೆ ಬರಬೇಕೆಂದು ನೋಟೀಸು ಬಂದಿತ್ತು. ಇಷ್ಟವಿದ್ದರೆ ಜೊತೆಗೊಬ್ಬರನ್ನು ಕರೆತರಬಹುದು ಎಂದೂ ಅದರಲ್ಲಿ ಬರೆದಿತ್ತು.

"ಅವರು ರಾಜೀನಾಮೆ ಮುಂದಿಡ್ತಾರೆ. ಸಹಿ ಮಾತ್ರ ಹಾಕ್ಬೇಡಿ," ಎಂದು ಇವಳು ಮತ್ತೊಮ್ಮೆ ಹೇಳಿದಳು. "ಅವರಾಗಿ ತೆಗೆದ್ರೆ ಆರು ತಿಂಗಳ ಸಂಬಳ ಕೊಡ್ಬೇಕು, ಅಲ್ಲೀವರೆಗೂ ಕ್ವಾರ್ಟರ್ಸಿನ ರೂಮು ನಿಮ್ದೇ. ನೀವಾಗಿ ಬಿಟ್ರೆ ತಿಂಗಳ ಕೊನೇಗೆ ಗಂಟುಮೂಟೆ ಕಟ್ಬೇಕು. ಬೈದ್ರೂ ಹಾಕ್ಬೇಡಿ, ನಗ್ತಾ ಹೇಳಿದ್ರೂ ಹಾಕ್ಬೇಡಿ."

"ಮಂಡಿ ಕೆಟ್ಟಿದೆ ಮೇಡಂ, ತಲೆ ಇನ್ನೂ ನೆಟ್ಟಗಿದೆ," ಎಂದು ಅಕ್ಕ ನಕ್ಕಳು.

ಮೇಡಂ ಎನ್ನುವುದು ಅಕ್ಕನ ಚೇಷ್ಟೆ. ಆದರೆ ಇವಳು ನಿಜಕ್ಕೂ ಮೇಡಂ ಆಗಿದ್ದವಳು. ತನ್ನ ದೇಶದ ದೊಡ್ಡ ಕಾರ್ಖಾನೆಯೊಂದರಲ್ಲಿ ಎಚ್‌ಆರ್ ಮುಖ್ಯಸ್ಥೆ. ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುವವರು ಅಲ್ಲಿ ಬೇರೆಯೂ ಇದ್ದರು. ಕೆಲಸದಿಂದ ಕಳಿಸುವುದರಲ್ಲಿ ಇವಳನ್ನು ಮೀರಿಸಿದವರಿರಲಿಲ್ಲ. ಎಲ್ಲರಂತೆ ಮೇಜಿನಾಚೆ ಕೂರುತ್ತಿರಲಿಲ್ಲ, ಮೂಲೆಗೆ ಕುರ್ಚಿ ಎಳೆದುಕೊಂಡು ಕೆಲಸ ಕಳೆದುಕೊಳ್ಳುವವರ ಪಕ್ಕಕ್ಕೇ ಬರುತ್ತಿದ್ದಳು. ಕುಡಿಯಲು ನೀರು ಕೊಡುತ್ತಿದ್ದಳು. ಅವರು ಕೂಗಾಡಿ ಸುಸ್ತಾಗುವ ತನಕ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಆಮೇಲೆ ತಗ್ಗಿದ ದನಿಯಲ್ಲಿ, "ಕಳಿಸಿದ್ರು ಅನ್ನಿಸ್ಕೋಬೇಡಿ, ನಾನೇ ಬಿಟ್ಟೆ ಅನ್ನಿ," ಎನ್ನುವಳು. ಅತ್ತು, ಸಹಿ ಹಾಕಿ, ಇವಳಿಗೇ ಕೈಮುಗಿದು ಹೋಗುತ್ತಿದ್ದರು. ಪರಿಹಾರದ ಮಾತೇ ಬರುತ್ತಿರಲಿಲ್ಲ. ಕಾರ್ಖಾನೆಯಲ್ಲಿ ಸಕ್ಕರೆ ಮೇಡಂ ಎಂದು ಹೆಸರಿಟ್ಟಿದ್ದರು. ಆ ಹೆಸರು ಕಿವಿಗೆ ಬಿದ್ದಾಗ ಇವಳಿಗೆ, ನಾಚಿಕೆ ಬಿಡಿ, ಒಳಗೊಳಗೇ ಖುಷಿಯಾಗಿತ್ತು.

ಗಂಡನಿಗೆ ಇಲ್ಲಿಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿ ಸಂಸಾರ ಇಲ್ಲಿಗೆ ಬಂದ ಮೇಲೆ ಎಲ್ಲ ತಲೆಕೆಳಗಾಯಿತು. ಹೋದಲ್ಲೆಲ್ಲ ಒಂದೇ ಪ್ರಶ್ನೆ, ಇಲ್ಲಿನ ಅನುಭವ ಇದೆಯೇ? ನೀವು ಕೆಲಸ ಕೊಡದೆ ಇಲ್ಲಿನ ಅನುಭವ ಎಲ್ಲಿಂದ ತರಲಿ ಎಂದು ನಾಲಿಗೆಯ ತುದಿಗೆ ಬರುತ್ತಿತ್ತು. ನುಂಗಿಕೊಂಡು, ಹಲ್ಲು ಕಿರಿದು, ಎದ್ದು ಬರುತ್ತಿದ್ದಳು. ಈ ಹೋಟೆಲಿಗೂ ಎಚ್‌ಆರ್ ಕೆಲಸಕ್ಕೆಂದೇ ಅರ್ಜಿ ಹಾಕಿದ್ದು. ಲಾಂಡ್ರಿಯವರೆಲ್ಲ ಬೆನ್ನ ಹಿಂದೆ ಕೆಂಪು ಕನ್ನಡಕ ಎಂದು ಕರೆಯುವ ಅಧಿಕಾರಿಣಿ ಅರ್ಜಿಯ ಮೊದಲ ಪುಟವನ್ನಷ್ಟೇ ನೋಡಿ, "ಸದ್ಯಕ್ಕೆ ಲಾಂಡ್ರಿಯಲ್ಲಿ ಜಾಗ ಇದೆ," ಎಂದಿದ್ದಳು. "ಬಾಗಿಲು ಯಾವ್ದಾದ್ರೇನು, ಒಳಗೆ ಹೋಗೋದು ಮುಖ್ಯ," ಎಂದ ಗಂಡ. ಒಳಗೆ ಹೋದವಳು ಎರಡು ವರ್ಷವಾದರೂ ನೆಲಮಾಳಿಗೆ ಬಿಟ್ಟು ಮೇಲೆ ಬಂದಿರಲಿಲ್ಲ.

ಮರುದಿನ ಇಬ್ಬರೂ ಮೇಲೆ ಹೋದರು. ಮೆಟ್ಟಿಲು ಹತ್ತುವಾಗ ಅಕ್ಕ ಇವಳ ಭುಜದ ಮೇಲೆ ಭಾರ ಹಾಕಿದ್ದಳು.

ಕೆಂಪು ಕನ್ನಡಕ ದೊಡ್ಡ ಮೇಜಿನಾಚೆ ಕೂತಿದ್ದಳು. ನೀರಿನ ಜಗ್ಗು ಅವಳ ಕೈಯಳತೆಯಲ್ಲಿತ್ತು, ಇವರಿಗೆ ಎಟುಕುವಂತಿರಲಿಲ್ಲ. ಕುಶಲ ಕೇಳುವುದಿರಲಿ, ಕೂರಿ ಎನ್ನುವ ಮೊದಲೇ ರಾಜೀನಾಮೆಯ ಹಾಳೆಯನ್ನೂ ಪೆನ್ನನ್ನೂ ಮುಂದಕ್ಕೆ ನೂಕಿದಳು. ಅಯ್ಯೋ ದಡ್ಡಿ, ಪೆನ್ನು ಈಗಲೇ ತೋರಿಸುವುದೇ ಎಂದುಕೊಂಡಳು ಇವಳು.

"ಕೆಲಸ ನಿಧಾನವಾಗಿದೆ ಎಂದು ದೂರು ಬಂದಿದೆ, ಸಹಿ ಹಾಕಿದರೆ ಇಬ್ಬರಿಗೂ ಒಳ್ಳೆಯದು ಎಂದು ಅವಳಿಗೆ ಹೇಳಿ," ಎಂದಳು ಕೆಂಪು ಕನ್ನಡಕ ಈ ದೇಶದ ಭಾಷೆಯಲ್ಲಿ. ಆ ಭಾಷೆ ಅಷ್ಟಾಗಿ ಬಾರದ ಅಕ್ಕನಿಗೆ ಇವಳು ಹಾಗೆಯೇ ಹೇಳಿದಳು.

"ಹಾಕಲ್ಲ ಅಂತ ಹೇಳು," ಎಂದಳು ಅಕ್ಕ.

ಕೆಂಪು ಕನ್ನಡಕ ದನಿ ಏರಿಸಿದಳು. ಅಕ್ಕ ಸೆಟೆದು ಕೂತಳು. ಅಧಿಕಾರಿಣಿ ಗದರಿದಷ್ಟೂ ಅಕ್ಕನದು ಅದೇ ರಾಗ, ಹಾಕಲ್ಲ ಅಂತ ಹೇಳು. ಕೊನೆಗೆ ಕೆಂಪು ಕನ್ನಡಕದ ಕತ್ತೆಲ್ಲ ಕೆಂಪೇರಿ, ಮಾತು ತಡವರಿಸತೊಡಗಿತು. ಅಕ್ಕ ಗೆಲ್ಲುತ್ತಿದ್ದಳು. ಇನ್ನು ಸ್ವಲ್ಪ ಹೊತ್ತು ಸುಮ್ಮನಿದ್ದರೆ ಸಾಕಿತ್ತು.

ಸೂಜಿಗೆ ದಾರ ಪೋಣಿಸಲು ಬಾರದವರು ಒದ್ದಾಡುವುದನ್ನು ಬಲ್ಲವರಿಗೆ ಎಷ್ಟು ಹೊತ್ತು ನೋಡಿಕೊಂಡು ಕೂರಲಾದೀತು? ಕೈ ತುರಿಸುತ್ತದೆ. ಇವಳ ಕೈಯೂ ತುರಿಸಿತು. ಎದ್ದು ಜಗ್ಗನ್ನು ತೆಗೆದುಕೊಂಡು ಲೋಟಕ್ಕೆ ನೀರು ಬಗ್ಗಿಸಿದಳು. ಕುರ್ಚಿಯನ್ನು ಮೇಜಿನ ಮೂಲೆಗೆ ಎಳೆದು ಅಕ್ಕನ ಮೊಣಕಾಲಿಗೆ ತನ್ನ ಮೊಣಕಾಲು ತಾಗುವಷ್ಟು ಹತ್ತಿರ ಕೂತಳು. ಲಾಂಡ್ರಿಯ ಕೆಲಸದ ಬಟ್ಟೆ ಮೈಮೇಲಿದ್ದರೂ ಬೆನ್ನು ತಾನಾಗಿ ನೆಟ್ಟಗಾಗಿತ್ತು.

"ನೀರು ಕುಡೀರಿ ಅಕ್ಕ."

ಅಕ್ಕ ಕುಡಿದಳು. ಕೆಂಪು ಕನ್ನಡಕ ಏನೋ ಹೇಳಹೊರಟಾಗ ಇವಳು ಅಂಗೈ ಎತ್ತಿ ತಡೆದಳು. ಅಕ್ಕನ ಬಿಗಿದ ಭುಜಗಳು ಸಡಿಲವಾಗಿ, ಕಣ್ಣು ತುಂಬಿತು. ಯಾವಾಗ ತುಂಬುತ್ತದೆಂದು ಇವಳಿಗೆ ಗೊತ್ತಿತ್ತು.

"ಇಷ್ಟು ವರ್ಷ ಒಬ್ಬರ ಕೈಲಿ ಒಂದು ಮಾತು ಅನ್ನಿಸ್ಕೊಂಡೋರಲ್ಲ ನೀವು," ಎಂದಳು. "ಮಂಡಿ ಕೆಟ್ಟೋಳು ಅಂತ ಆಚೆ ಹಾಕಿದ್ರು ಅನ್ನೋ ಮಾತು ನಿಮಗ್ಯಾಕೆ? ಕಳಿಸಿದ್ರು ಅನ್ನಿಸ್ಕೋಬೇಡಿ ಅಕ್ಕ. ನಾನೇ ಬಿಟ್ಟೆ ಅನ್ನಿ."

ಅಕ್ಕ ಇವಳ ಮುಖವನ್ನೇ ನೋಡಿದಳು. "ನಿನ್ನೆ ಬೇರೆ ಹೇಳಿದ್ಯಲ್ಲ?"

"ನಿನ್ನೆ ಇವರು ಹೀಗೆ ಮಾತಾಡ್ತಾರೆ ಅಂತ ಗೊತ್ತಿರ್ಲಿಲ್ಲ. ಇವರ ಹತ್ರ ಬಾಯಿ ಕೆಡಿಸ್ಕೊಳ್ಳೋದು ಬೇಡ."

"ನಿನಗೆ ತಿಳಿಯುತ್ತೆ, ನೀನು ಓದಿದೋಳು," ಎಂದು ಅಕ್ಕ ಕಣ್ಣೊರೆಸಿಕೊಂಡು ಸಹಿ ಹಾಕಿದಳು. ಎದ್ದು ನಿಲ್ಲುವಾಗ ಇವಳ ಕೈ ಹಿಡಿದು ಹಿಂಡಿದಳು. "ನೀನಿದ್ದಿದ್ದಕ್ಕೆ ಸರಿಹೋಯ್ತು. ಒಬ್ಬಳೇ ಆಗಿದ್ರೆ ಜಗಳ ಆಡ್ಕೊಂಡು ಮಾನ ಕಳ್ಕೋತಿದ್ದೆ."

ಬಾಗಿಲಾಚೆ ಅವಳ ಕುಂಟುವ ಹೆಜ್ಜೆಯ ಸದ್ದು ದೂರವಾದ ಮೇಲೆ ಕೆಂಪು ಕನ್ನಡಕ ಕೇಳಿದಳು, "ಏನು ಹೇಳಿದಿರಿ ಅವಳಿಗೆ?"

ಇವಳು ಹೇಳಿದಳು. ಆ ಭಾಷೆಯಲ್ಲೂ ಆ ಮಾತು ಚೆನ್ನಾಗಿಯೇ ಕೇಳಿಸಿತು.

"ಇದನ್ನೆಲ್ಲ ಎಲ್ಲಿ ಕಲಿತಿರಿ?"

"ಅರ್ಜಿಯಲ್ಲಿ ಬರೆದಿದ್ದೆ," ಎಂದಳು. "ಎರಡನೇ ಪುಟದಲ್ಲಿ."

ಆ ಹೊತ್ತಿನಲ್ಲಿ ತನ್ನ ಮನಸ್ಸಿನಲ್ಲಿ ಕೆಲಸದ ಆಸೆಯೇ ಇರಲಿಲ್ಲ, ಕೈ ತನ್ನ ರೂಢಿಯಂತೆ ಹೋಯಿತು ಅಷ್ಟೇ ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ಒಮ್ಮೆಯೂ ಅದು ನಂಬುವಂತೆ ಕೇಳಿಸಲಿಲ್ಲ. ವಾರದೊಳಗೆ ಎಚ್‌ಆರ್ ಸಹಾಯಕಿಯ ಹುದ್ದೆಯ ಪತ್ರ ಕೈಗೆ ಬಂತು. ಗಂಡ ಕುಣಿದಾಡಿದ. "ನಾನು ಹೇಳ್ಲಿಲ್ವಾ, ಒಳಗೆ ಹೋಗೋದು ಮುಖ್ಯ ಅಂತ!"

"ಅಕ್ಕನ ಕೆಲಸ ಹೋಯ್ತು."

"ಅಯ್ಯೋ ಪಾಪ. ನೀನು ಜೊತೆಗಿದ್ಯಲ್ಲ, ಏನೂ ಮಾಡೋಕಾಗ್ಲಿಲ್ವಾ?"

"ಇಲ್ಲ," ಎಂದು ತಟ್ಟೆ ಸರಿಸಿ ಎದ್ದಳು. ತನ್ನ ಮೇಲೆ ತನಗೇ ಹೇಸಿಗೆಯಾಗಿತ್ತು. ಬೆಳಿಗ್ಗೆ ಎದ್ದು, ಪೆಟ್ಟಿಗೆಯ ತಳದಲ್ಲಿದ್ದ ಆಫೀಸಿನ ಉಡುಪನ್ನು ತೆಗೆದು ಇಸ್ತ್ರಿ ಮಾಡಿದಳು.

ತಿಂಗಳ ಕೊನೆಯ ದಿನ ಕ್ವಾರ್ಟರ್ಸ್ ಖಾಲಿ ಮಾಡುವವರು ಬೀಗದ ಕೈ ಮತ್ತು ಕಂಬಳಿಯನ್ನು ಎಚ್‌ಆರ್ ಆಫೀಸಿಗೆ ಒಪ್ಪಿಸಬೇಕು. ಕಂಬಳಿಯನ್ನು ಪೂರ್ತಿ ಬಿಚ್ಚಿ, ಹರಿದಿಲ್ಲವೆಂದು ನೋಡಿ ತೆಗೆದುಕೊಳ್ಳಬೇಕೆಂದು ಕೆಂಪು ಕನ್ನಡಕ ಕಟ್ಟಪ್ಪಣೆ ಮಾಡಿದ್ದಳು. ಅಕ್ಕ ಕಂಬಳಿಯನ್ನು ಎದೆಗವಚಿಕೊಂಡು ಕುಂಟುತ್ತಾ ಒಳಗೆ ಬಂದಳು. ಇವಳನ್ನು ಕುರ್ಚಿಯಲ್ಲಿ ಕಂಡದ್ದೇ ಮುಖ ಅರಳಿತು.

"ಅಬ್ಬಾ, ಕೊನೆಗೂ ಮೇಡಂ ಮೇಡಂ ಥರ ಕೂತ್ಕೊಂಡ್ರು! ಅವತ್ತು ನನ್ ಜೊತೆ ಬಂದಿದ್ದಕ್ಕೆ ತಾನೇ ನಿನ್ನ ಬುದ್ಧಿ ಅವಳ ಕಣ್ಣಿಗೆ ಬಿದ್ದಿದ್ದು? ನೋಡು, ಹೋಗ್ತಾ ಹೋಗ್ತಾ ನಿನಗೊಂದು ಒಳ್ಳೇದು ಮಾಡೇ ಹೋಗ್ತಿದೀನಿ."

ಇವಳು ಕೇಳಿದಳು, "ಎಲ್ಲಿಗೆ ಹೋಗ್ತೀರ ಅಕ್ಕ?"

"ಪರಿಚಯದೋರ ಮನೇಲಿ ಒಂದು ಮೂಲೆ ಕೊಟ್ಟಿದಾರೆ. ಎಷ್ಟು ದಿನ ಅಂತ ನಾನೂ ಕೇಳ್ಲಿಲ್ಲ, ಅವರೂ ಹೇಳ್ಲಿಲ್ಲ." ಅಕ್ಕ ಬೀಗದ ಕೈಯನ್ನು ಮೇಜಿನ ಮೇಲಿಟ್ಟಳು. "ಬಿಚ್ಚಿ ನೋಡ್ಬೇಕಂತಲ್ಲ, ನೋಡು."

ಇವಳು ಎದ್ದು ಕಂಬಳಿಯನ್ನು ಬಿಚ್ಚಿದಳು. ಎಲ್ಲೂ ಹರಿದಿರಲಿಲ್ಲ. ಮತ್ತೆ ಮಡಿಸಲು ಒಬ್ಬಳೇ ತಡಕಾಡುವಾಗ ಅಕ್ಕ ಆಚೆ ಕಡೆಯ ತುದಿಗಳನ್ನು ಹಿಡಿದು ಫಟಾರನೆ ಕೊಡವಿದಳು. ಇಬ್ಬರೂ ಎಳೆದರು, ಉದ್ದಕ್ಕೆ ಮಡಿಸಿದರು, ಒಬ್ಬರತ್ತ ಒಬ್ಬರು ನಡೆದು ಬಂದರು. ನಡುವೆ ಎದುರಾದಾಗ ಅಕ್ಕ ತನ್ನ ತುದಿಗಳನ್ನು ಇವಳ ಕೈಗೆ ಕೊಟ್ಟಳು. ಕೊಟ್ಟ ಕೈ, ತಿರುಗಿಯೂ ನೋಡದೆ, ಮುಂದಿನ ಬಟ್ಟೆಗಾಗಿ ಎಡಕ್ಕೆ ಹೋಗಿ, ಏನೂ ಸಿಗದೆ ಅಲ್ಲೇ ನಿಂತಿತು.